ಮೂಸದೆ ಹೇಳಿದ ವಾಸನೆ

ಪ್ಲಾಸ್ಟಿಕ್ಕಿನಲ್ಲೂ ಜಾತಿಗಳಿವೆ ಎಂದರೆ ಜನ ನಗುತ್ತಾರೆ. ನಗಲಿ, ನನ್ನಪ್ಪನ ಗಂಟೇನು ಹೋಗುತ್ತದೆ. ಹದಿನೈದು ವರ್ಷ ಅದರ ಹೊಗೆ ಕುಡಿದವರ ಹೆಂಡತಿ ನಾನು, ನನಗೆ ಗೊತ್ತು. ಒಂದು ಜಾತಿಯದನ್ನು ಸುಟ್ಟರೆ ಮೇಣದಬತ್ತಿ ಆರಿಸಿದ ವಾಸನೆ. ಇನ್ನೊಂದನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ. ಮೂರನೆಯದು ಕಪ್ಪು ಮಸಿ ಕಾರಿ ಗಂಟಲು ಹಿಡಿಯುತ್ತದೆ. ಮೇಣದ ಜಾತಿ ಒಡೆದರೆ ಮೇಣದ ಜಾತಿಯ ಕಡ್ಡಿಯನ್ನೇ ಕರಗಿಸಿ ತುಂಬಬೇಕು, ಕೂದಲಿನದಕ್ಕೆ ಕೂದಲಿನದೇ. ಅದಲುಬದಲಾದರೆ ಮೇಲೆ ನೋಡಲು ಚೆನ್ನಾಗಿಯೇ ಕೂತಿರುತ್ತದೆ, ಸರಿಯಾಗಿ ಬಿಸಿ ತಾಗಿದ ದಿನ ಬಿಟ್ಟುಕೊಳ್ಳುತ್ತದೆ.

ನನ್ನ ಗಂಡ ಸೆಬಾಸ್ಟಿಯನ್ ಸಕಲೇಶಪುರದಲ್ಲಿ ಮಂಗಳೂರು ರಸ್ತೆಗೆ ತಾಗಿ ಅಂಗಡಿ ಇಟ್ಟಿದ್ದರು, ಹಿಂದೆಯೇ ನಮ್ಮ ಮನೆ. ಒಡೆದ ಬಂಪರು, ಗ್ರಿಲ್ಲು, ರೇಡಿಯೇಟರಿನ ತಲೆಯ ಮೇಲಿನ ಕರಿ ಪ್ಲಾಸ್ಟಿಕ್ ಟ್ಯಾಂಕು, ಎಲ್ಲ ಅವರ ಕೈಗೇ ಬರುತ್ತಿದ್ದವು. ಒಡೆದ ಜಾಗದಿಂದ ಉಗುರಿನಷ್ಟು ಹೆರೆದು, ಬೆಂಕಿ ತಾಗಿಸಿ, ಉಫ್ ಎಂದು ಆರಿಸಿ ಹೊಗೆ ಮೂಸುವರು. ಆಮೇಲೆ ಗೋಡೆಗೆ ನೇತುಹಾಕಿದ ಕಟ್ಟುಗಳಿಂದ ಸರಿಯಾದ ಕಡ್ಡಿ ಎಳೆದುಕೊಂಡು, ಬಿಸಿಗಾಳಿ ಊದುವ ಗನ್ ಹಿಡಿದು ಬೆಸುಗೆಗೆ ಕೂರುವರು. ಎಸ್ಟೇಟುಗಳ ಹಳೇ ಜೀಪುಗಳೆಲ್ಲ ಅವರನ್ನು ನಂಬಿ ಓಡುತ್ತಿದ್ದವು.

ಎರಡು ಸಾವಿರದ ಇಸವಿಯ ಮಳೆಗಾಲ. ಒಲೆಯ ಮೇಲೆ ಒಣಮೀನು ಇಟ್ಟು ನಾನು ಬಟ್ಟೆ ಒಳಗೆ ತರಲು ಹೋಗಿದ್ದೆ. ಬಂದು ನೋಡಿದರೆ ಮೀನು ಇದ್ದಿಲಾಗಿ ಮನೆಯೆಲ್ಲ ಗಬ್ಬು, ಇವರು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದಾರೆ. "ಮೂಗು ಬಿದ್ದುಹೋಗಿದೆಯಾ ನಿಮಗೆ?" ಎಂದು ಕೂಗಾಡಿದೆ. ಅವರು ಪೇಪರು ಮಡಿಸಿ ಕೆಳಗಿಟ್ಟು, "ಹೌದು ಮೊಡೆಸ್ಟಾ. ಆರು ತಿಂಗಳಾಯ್ತು, ಯಾವ ವಾಸನೆಯೂ ಗೊತ್ತಾಗಲ್ಲ" ಎಂದರು. ಅಯ್ಯೋ ದೇವರೇ! ಆರು ತಿಂಗಳು ಬಣ್ಣ ನೋಡಿ, ಬಗ್ಗಿಸಿ ನೋಡಿ, ಅಂದಾಜಿನ ಮೇಲೆ ಕೆಲಸ ಮಾಡಿದ್ದರಂತೆ. "ಯಾರಿಗೂ ಹೇಳಬೇಡ. ಗೊತ್ತಾದ್ರೆ ಒಬ್ಬನೂ ಅಂಗಡಿ ಮೆಟ್ಟಿಲು ಹತ್ತಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಆ ಮನುಷ್ಯ ನನ್ನ ಕೈ ಹಿಡಿದು ಏನನ್ನೂ ಬೇಡಿದವರಲ್ಲ. ನನಗೆ ಅಳು ಬಂತು.

ಅಂದಿನಿಂದ ನಾನೇ ಅವರ ಮೂಗಾದೆ. ಅವರು ಹೆರೆದು ಸುಡುವ ಹೊತ್ತಿಗೆ ಸರಿಯಾಗಿ ಕಾಫಿ ಹಿಡಿದು ಅಂಗಡಿಗೆ ಬರುವುದು, ಲೋಟ ಇಡುವ ನೆಪದಲ್ಲಿ ಬಗ್ಗಿ ಮೂಸುವುದು, ನಮ್ಮ ಮನೆಮಾತು ಕೊಂಕಣಿಯಲ್ಲಿ ಒಂದೇ ಶಬ್ದ ಹೇಳಿ ಹೋಗುವುದು. ಮೇಣದಬತ್ತಿಯಾದರೆ 'ವಾತ್', ಕೂದಲಾದರೆ 'ಕೇಸ್'. ಗಿರಾಕಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ವನಗೂರಿನಲ್ಲಿ ಬಾಡಿಗೆ ಜೀಪು ಓಡಿಸುವ ಲಕ್ಕಪ್ಪನಂತೂ, "ಗಳಿಗೆಗೊಂದು ಕಾಫಿ! ಪುಣ್ಯವಂತ ಕಣಣ್ಣ ನೀನು" ಎಂದು ಇವರನ್ನು ಚುಡಾಯಿಸುತ್ತಿದ್ದ. ಅವನು ಪೇಟೆಗೆ ಬಂದಾಗಲೆಲ್ಲ ಹೆಂಡತಿ ನಾಗರತ್ನಮ್ಮನೂ ಜೊತೆಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಹರಟುವಳು. ನಾನು ಒಂದು ಅಂದರೆ ಅವಳು ಎರಡು ತಿರುಗಿಸಿ ಅನ್ನುವಳು. ಅದಕ್ಕೇ ಅವಳನ್ನು ಕಂಡರೆ ನನಗೆ ಪ್ರೀತಿ.

ಹೀಗೆ ಮೂರು ವರ್ಷ. ಮೂರು ವರ್ಷದಲ್ಲಿ ನಾನು ಒಂದು ರಾತ್ರಿ ಕೂಡ ಊರು ಬಿಟ್ಟು ಹೊರಗೆ ಉಳಿಯಲಿಲ್ಲ. ಎರಡು ಸಾವಿರದ ಮೂರರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ತಂಗಿಯ ಮಗಳು ರೊವೀನಾಳ ಮದುವೆ ಬಂತು. ಹೆರಿಗೆ ಕೋಣೆಯಲ್ಲಿ ಆ ಮಗುವನ್ನು ಮೊದಲು ಎತ್ತಿಕೊಂಡವಳು ನಾನು. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಅವಳ ತಲೆಗೆ ತೆಂಗಿನಹಾಲು ಹಚ್ಚಬೇಕಾದವಳೂ ನಾನೇ. ನಾಲ್ಕು ದಿನ ಹೋಗಿ ಬರುತ್ತೇನೆ ಎಂದರೆ ಇವರು, "ಕೊಯ್ಲಿನ ಟೈಮು, ಜೀಪುಗಳೆಲ್ಲ ಈಗಲೇ ಬರೋದು. ಮದುವೆ ದಿನ ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮೂಗಾಗಿ ಹುಟ್ಟಿದ್ದೀನಾ ನಾನು? ಇಲ್ಲೇ ಕೊಳೀಬೇಕಾ?" ಎಂದು ಕಿರುಚಿದೆ.

ಆ ಜಗಳದ ನಡುವೆಯೇ ಲಕ್ಕಪ್ಪ ಸೀಳುಬಿಟ್ಟ ರೇಡಿಯೇಟರ್ ಹೊತ್ತುಕೊಂಡು ಬಂದ. ಅದು ಕಂಪನಿಯದಲ್ಲ. ಗುಜರಿಯಿಂದ ತಂದು ಜೀಪಿಗೆ ಕೂರಿಸಿಕೊಂಡಿದ್ದು. ಅದರ ಟ್ಯಾಂಕು ಯಾವ ಜಾತಿಯೆಂದು ನೋಡಿ ಹೇಳುವ ಹಾಗಿರಲಿಲ್ಲ. ಇವರು ಹೆರೆದು, ಸುಟ್ಟು, ಮನೆಯ ಕಡೆ ನೋಡಿದರು. ನಾನು ಕಾಫಿ ತರಲಿಲ್ಲ. ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ನಾನು ಬಾಗಿಲಿನವರೆಗೆ ಬಂದು ನಿಂತೆ. ಹತ್ತಿರ ಹೋಗಲಿಲ್ಲ, ಉಸಿರನ್ನೂ ಎಳೆದುಕೊಳ್ಳಲಿಲ್ಲ. "ವಾತ್" ಎಂದೆ. ಬಾಯಿಗೆ ಬಂದದ್ದು ಅದು, ಅಷ್ಟೇ. ಹೇಳಿ ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವರೇ ಅಡುಗೆಮನೆಗೆ ಬಂದರು. "ಕಡ್ಡಿ ಸರಿಯಾಗಿ ಕಚ್ಚಿಕೊಳ್ತಾ ಇಲ್ಲ. ಕೈಗೆ ಬೇರೆ ಥರ ಅನ್ನಿಸ್ತಿದೆ. ಇನ್ನೊಂದು ಸಲ ನೋಡ್ತೀಯಾ?" ಎಂದು ಮೆಲ್ಲಗೆ ಕೇಳಿದರು. ಆಗ ಎದ್ದು ಹೋಗಿದ್ದರೆ ಸಾಕಿತ್ತು. ಹತ್ತು ಹೆಜ್ಜೆ. ನಾನು ಈರುಳ್ಳಿ ಹೆಚ್ಚುವುದನ್ನೇ ನಿಲ್ಲಿಸಲಿಲ್ಲ. "ನನ್ನ ಮೂಗಿನ ಮೇಲೆ ನಂಬಿಕೆ ಇಲ್ಲದಿದ್ರೆ ಬೇರೆ ಮೂಗು ಹುಡುಕಿಕೊಳ್ಳಿ" ಎಂದೆ. ಅವರು ಅಂಗಡಿಗೆ ವಾಪಸು ಹೋದರು. ಗಟ್ಟಿಯಿರಲೆಂದು ತಂತಿಬಲೆ ಇಟ್ಟು ಮೇಲೆ ಎರಡು ಪದರ ಎಳೆದರು. ತಮ್ಮ ಕೈ ಹೇಳಿದ್ದನ್ನು ಬಿಟ್ಟು ನಾನು ಹೇಳಿದ್ದನ್ನೇ ನಂಬಿದರು.

ಹನ್ನೊಂದು ದಿನದ ಮೇಲೆ ವನಗೂರಿನ ಬಸ್ಸಿನಲ್ಲಿ ಸುದ್ದಿ ಬಂತು. ಕಾಫಿ ಹಣ್ಣು ಕೊಯ್ಯುತ್ತಿದ್ದ ನಾಗರತ್ನಮ್ಮನಿಗೆ ನಾಗರಹಾವು ಕಚ್ಚಿದೆ. ಲಕ್ಕಪ್ಪ ತನ್ನ ಜೀಪಿನಲ್ಲೇ ಸಕಲೇಶಪುರದ ಆಸ್ಪತ್ರೆಗೆ ಹೊರಟಿದ್ದಾನೆ. ದಾರಿಯ ಏರಿನಲ್ಲಿ ಜೀಪು ಕೆಟ್ಟು ನಿಂತಿದೆ. ನಾಗರತ್ನಮ್ಮ ಆಸ್ಪತ್ರೆ ಮುಟ್ಟಲಿಲ್ಲ.

ಜೀಪು ಯಾಕೆ ಕೆಟ್ಟಿತು ಎಂದು ಇವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ರೊವೀನಾಳ ಮದುವೆಗೆ ನಾನು ಹೋಗಲೇ ಇಲ್ಲ, ಹೋಗು ಎಂದು ಇವರೇ ಹೇಳಿದರೂ.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಲಕ್ಕಪ್ಪ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಗುಳಿ ಬಿದ್ದಿದ್ದವು. ಗೋಣಿಚೀಲದಿಂದ ಆ ರೇಡಿಯೇಟರ್ ತೆಗೆದು ಇವರ ಮುಂದೆ ಇಟ್ಟ.

"ಸೆಬಾಸ್ಟಿಯಣ್ಣ, ನೀನು ಸುಳ್ಳು ಹೇಳೋನಲ್ಲ ಅಂತ ತಂದಿವ್ನಿ. ಅವತ್ತು ಬೆಳಿಗ್ಗೆ ರೇಡಿಯೇಟರ್ ನೀರು ನೋಡೇ ಜೀಪು ಎತ್ತಿದ್ದು ಅಂತ ನನ್ ಗ್ಯಾನ. ಆದ್ರೆ ಈಗ ಎಷ್ಟು ತಲೆ ಕೆಡಿಸ್ಕಂಡ್ರೂ ನೆಪ್ಪಿಗೆ ಬರ್ತಿಲ್ಲ ಕಣಣ್ಣ. ಏರಲ್ಲಿ ಬುಸ್ ಅಂತ ಹಬೆ ಎದ್ದು ಜೀಪು ನಿಂತೋಯ್ತು. ಜೊತೇಲಿದ್ದೋರು ಗಾಡಿ ಹುಡುಕ್ಕಂಡು ಓಡಿದ್ರು. ನಾನು ಅವಳ ತಲೆ ತೊಡೆ ಮೇಲೆ ಇಟ್ಕಂಡು ಕೂತಿದ್ದೆ. 'ನೀರು ನೋಡಿರ್ಲಿಲ್ವಾ?' ಅಂದ್ಲು. ನೋಡಿದ್ದೆ ಕಣೇ ಅಂದೆ. 'ಸುಳ್ಳು ಹೇಳ್ತೀರಾ ನೀವು' ಅಂದ್ಲು. ಅಷ್ಟೇ. ಆಮೇಲೆ ನಾಲಿಗೆ ಹೊರಳಲೇ ಇಲ್ಲ. ಲಾರಿ ಸಿಗೋ ಹೊತ್ಗೆ ಒಂದು ಗಂಟೆ ಆಗೋಗಿತ್ತು." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನೀರಿಲ್ದೆ ಗಾಡಿ ಓಡ್ಸಿ ಹೆಂಡ್ತೀನ ಕೊಂದ್ಬುಟ್ಟ ಅಂತೈತೆ ಊರು. ನೋಡಿ ಹೇಳಣ್ಣ. ನೀರಿಲ್ದೆ ಕಾದು ಒಡೆದಿದ್ದಾ ಇದು?"

ಇವರು ಟ್ಯಾಂಕನ್ನು ಬೆಳಕಿಗೆ ಹಿಡಿದರು. ಎರಡು ಪದರದ ಬೆಸುಗೆ ಸಿಪ್ಪೆಯ ಹಾಗೆ ಇಡಿಯಾಗಿ ಎದ್ದು ಬಂದಿತ್ತು. ಬುಡದಲ್ಲಿ ಒಂದು ಚೂರೂ ಕಚ್ಚಿಕೊಂಡಿರಲಿಲ್ಲ. ಉಗುರಿನಷ್ಟು ಹೆರೆದರು, ಬೆಂಕಿ ತಾಗಿಸಿ ಆರಿಸಿದರು. ಆಮೇಲೆ ಯಾವತ್ತೂ ಮಾಡದ ಕೆಲಸ ಮಾಡಿದರು. ಗಿರಾಕಿಯ ಎದುರಿಗೇ ನನ್ನನ್ನು ಕರೆದರು.

"ನಂಗೆ ವಾಸನೆ ಗೊತ್ತಾಗಲ್ಲ ಲಕ್ಕಪ್ಪ. ಮೂರು ವರ್ಷ ಆಯ್ತು. ಇವಳೇ ಮೂಸಿ ಹೇಳೋದು. ಮೊಡೆಸ್ಟಾ, ನೋಡು."

ನಾನು ಬಗ್ಗಬೇಕಾಗಿಯೇ ಇರಲಿಲ್ಲ. ಅಂಗಡಿಯೆಲ್ಲ ಕೂದಲು ಸುಟ್ಟ ವಾಸನೆ. ಮತ್ತೊಮ್ಮೆ 'ವಾತ್' ಎಂದುಬಿಡುವ ಯೋಚನೆ ನನಗೆ ಬರಲಿಲ್ಲ ಎಂದು ಹೇಳಲಾರೆ. ಬಂತು. ಹಾಗೆಂದರೆ ನಮ್ಮ ಬೆಸುಗೆ ಸರಿಯಿತ್ತು, ನೀರಿಲ್ಲದೆ ಒಡೆಯಿತು ಎಂದಾಗುತ್ತಿತ್ತು. ಲಕ್ಕಪ್ಪ ಪಾಪವನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡು ವನಗೂರಿಗೆ ಹೋಗುತ್ತಿದ್ದ. ಅವನ ಮುಖ ನೋಡಿದೆ. ಆಗಲಿಲ್ಲ.

"ಕೂದಲು" ಎಂದೆ, ಕನ್ನಡದಲ್ಲೇ. "ಕೂದಲು ಸುಟ್ಟ ವಾಸನೆ. ಅವತ್ತು ನಾನು ಮೂಸಲೇ ಇಲ್ಲ ಲಕ್ಕಪ್ಪ. ಇವರ ಮೇಲಿನ ಸಿಟ್ಟಿಗೆ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದು ಹೇಳಿದೆ. ಇವರು ತಪ್ಪು ಕಡ್ಡಿ ಹಾಕಿದ್ದು ನನ್ನಿಂದ. ಬೆಸುಗೆ ಬಿಟ್ಟು ನೀರು ಸೋರಿದೆ. ನಿನ್ನ ತಪ್ಪೇನೂ ಇಲ್ಲ."

ಮೂಸಲೇ ಇಲ್ಲ ಎನ್ನುವುದು ನನ್ನ ಗಂಡನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಲಕ್ಕಪ್ಪ ಬೈಯಲಿ ಎಂದು ಕಾದೆ. ಹೊಡೆದರೂ ಸರಿಯೇ ಎಂದು ನಿಂತಿದ್ದೆ. ಅವನು ಆ ಟ್ಯಾಂಕನ್ನು ಎತ್ತಿಕೊಂಡು ಬೆಸುಗೆ ಎದ್ದ ಜಾಗವನ್ನು ಬೆರಳಿನಿಂದ ಸವರಿದ.

"ಹಂಗಾದ್ರೆ ನೋಡಿದ್ದೆ ನಾನು" ಎಂದ. "ನೀರು ನೋಡಿದ್ದೆ ಅಕ್ಕ. ನೋಡೇ ಎತ್ತಿದ್ದೆ." ಅವನ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಸುಳ್ಳು ಹೇಳಿರ್ಲಿಲ್ಲ ನಾನು. ಅದನ್ನ ಈಗ ಅವಳಿಗೆ ಯಾರು ಹೇಳ್ತಾರಕ್ಕ?"

ನನ್ನನ್ನೇ ಕೇಳಿದ. ಕೇಳಿ, ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾಯುತ್ತ ನಿಂತ.