ಒಂದೇ ಸೀಟು

"ಒಂದ ತಾಸ ಹತ್ತ ನಿಮಿಷ ಅಷ್ಟೇರಿ. ಕಲಬುರಗಿಯಾಗ ವಿಮಾನ ಏರಿ ಕುಂತಿದ್ದಷ್ಟ ನೆನಪು, ಬೆಂಗಳೂರು ಬಂತು ಇಳೀರಿ ಅಂದ್ರು."

ಮಾತಾಡಿಸಲು ಬಂದ ಹೆಂಗಸರಿಗೆ ಹಣಮಂತಮ್ಮ ಹೇಳುತ್ತಿದ್ದಳು. ಅವ್ವನನ್ನು ದೋರನಹಳ್ಳಿಯ ಹೊಲದಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಒಳಗೆ ಜೋಳ ಕೇರುತ್ತಿದ್ದ ಅಕ್ಕ ಮಲ್ಲಾಬಾಯಿ ಬೆಳಗಿನಿಂದ ಆ ಮಾತನ್ನು ಕೇಳಿದ್ದು ಐದನೆಯ ಸಲ. ಮೊರ ಜೋರಾಗಿ ಬಡಿದುಕೊಂಡಿತು.

ತಂಗಿಗೆ ಯಾವಾಗಲೂ ಹೀಗೇ, ಎಲ್ಲ ತಾನಾಗಿ ಒದಗಿ ಬರುತ್ತದೆ. ಅವಳನ್ನು ಇದೇ ಊರಲ್ಲಿ ಕೊಟ್ಟರು. ಕಾಲುವೆ ಬಂದು ಅವಳ ಗಂಡನ ಹೊಲ ಭತ್ತದ ಗದ್ದೆಯಾಯಿತು. ಮಲ್ಲಾಬಾಯಿಯನ್ನು ಸುರಪುರದ ಆಚೆ ಕೊಟ್ಟರು. ಅದೇ ಕಾಲುವೆ ಅವಳ ಹೊಲದ ಕೆಳಗೆ ಹಾದುಹೋಯಿತು. ನೀರು ಏರು ಹತ್ತುವುದಿಲ್ಲವಲ್ಲ. ದಂಡೆಯ ಮೇಲೆ ನಿಂತು ಅದು ಶಹಾಪುರದ ಕಡೆ, ತಂಗಿಯ ಊರಿನತ್ತ, ಹರಿದುಹೋಗುವುದನ್ನು ಅವಳು ಎಷ್ಟೋ ವರ್ಷ ನೋಡಿದ್ದಳು.

ಅವ್ವ ಇದ್ದದ್ದು ಬೆಂಗಳೂರಲ್ಲಿ ಸಿಟಿ ಬಸ್ಸು ಓಡಿಸುವ ತಮ್ಮ ಮರಿಲಿಂಗಪ್ಪನ ಹತ್ತಿರ. ಐದು ದಿನದ ಹಿಂದೆ ಬೆಳಿಗ್ಗೆ ಅವನು ಫೋನು ಮಾಡಿದ್ದ. "ಅವ್ವಗ ಜಡ್ಡ ಭಾಳ ಆಗ್ಯಾದ ಅಕ್ಕಾ. ಮಧ್ಯಾಹ್ನದ ವಿಮಾನದಾಗ ಒಂದ ಸೀಟ ಸಿಕ್ಕದ. ನೀ ಸುರಪುರದಿಂದ ಕಲಬುರಗಿ ಮುಟ್ಟೂದ್ರಾಗ ಅದು ಹೋಗಿಬಿಡ್ತದ. ಹಣಮಂತಿನ್ನ ಕಳಸ್ತೀನಿ. ನೀ ಯಾದಗಿರಿಗೆ ಹೋಗಿ ರೈಲು ಹಿಡಿ."

ಲೆಕ್ಕ ಸರಿಯೇ ಇತ್ತು. ಸರಿ ಇದ್ದದ್ದಕ್ಕೇ ಅವಳಿಗೆ ಹೆಚ್ಚು ಉರಿಯಿತು. ರೈಲಿನಲ್ಲಿ ಹತ್ತು ತಾಸು ಬಾಗಿಲ ಹತ್ತಿರ ಕೂತು ಹೋದಾಗ, ಅವ್ವನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು.

ಹೆಂಗಸರು ಎದ್ದುಹೋದ ಮೇಲೆ ಹಣಮಂತಮ್ಮ ರೊಟ್ಟಿಯ ತಾಟು ತಂದಳು.

"ಆ ವಿಮಾನದ ಸುದ್ದಿ ಎಷ್ಟ ಸಲ ಹೇಳ್ತಿ? ಸಾವಿನ ಮನಿ ಇದು," ಎಂದಳು ಮಲ್ಲಾಬಾಯಿ.

"ಅದನ್ನ ಹೇಳ್ಲಿಲ್ಲಂದ್ರ ಅವರು ಬ್ಯಾರೆ ಕೇಳ್ತಾರಕ್ಕಾ."

"ಏನ ಕೇಳ್ತಾರ?"

"ಅವ್ವ ಕಡೀಕ ಏನಂದ್ಲು ಅಂತ."

ಮಲ್ಲಾಬಾಯಿ ಮೊರ ಕೆಳಗಿಟ್ಟಳು.

"ನಾ ಹೋಗಿ ಕೈ ಹಿಡದೆ. ಕಣ್ಣ ಬಿಟ್ಟು, ಮಲ್ಲೀ ಬಂದ್ಯೇನವ್ವಾ, ಅಂದ್ಲು. ನಾ ಹಣಮಂತಿ ಅಂದೆ. ಕೇಳ್ಲೇ ಇಲ್ಲ. ಮಲ್ಲೀ, ಮಲ್ಲೀ ಅಂತ ಬಾಗಲಾ ನೋಡಾಕತ್ತಿದ್ಲು. ಕಡೀಕ, ಹೂಂ, ಮಲ್ಲಿ ಬಂದೀನಿ ಅಂದೆ." ಹಣಮಂತಮ್ಮ ತಾಟನ್ನು ಕೆಳಗಿಟ್ಟಳು. "ನನ್ನ ಹೆಸರ ಒಂದ ಸಲಾನೂ ಹಿಡೀಲಿಲ್ಲಕ್ಕಾ."

ಮಲ್ಲಾಬಾಯಿಯ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷವೇ. ಅದು ಸಾಲದೆ, "ಆಮ್ಯಾಗ ಏನಂದ್ಲು?" ಎಂದು ಕೇಳಿಯೂಬಿಟ್ಟಳು.

"ಉಂಡ್ಯೇನು ಅಂದ್ಲು."

"ನೀ ಏನಂದಿ?"

"ಉಂಡೀನಿ ಅಂದೆ. ಸುಳ್ಳು. ಮುಂಜಾನಿಂದ ಹೊಟ್ಟ್ಯಾಗ ನೀರೂ ಇರ್ಲಿಲ್ಲ."

ತಂಗಿ ತನ್ನನ್ನೇ ನೋಡುತ್ತಿದ್ದಳು. ಆ ನೋಟ ಮಲ್ಲಾಬಾಯಿಗೆ ಗುರುತಿನದೇ. ಕಾಲುವೆಯ ದಂಡೆಯ ಮೇಲೆ ನಿಂತು ತಾನು ನೀರನ್ನು ಹಾಗೆಯೇ ನೋಡುತ್ತಿದ್ದಳು.

ಮಲ್ಲಾಬಾಯಿ ತಾಟನ್ನು ಹತ್ತಿರಕ್ಕೆಳೆದು, ರೊಟ್ಟಿ ಮುರಿದು, ದೊಡ್ಡ ತುಂಡನ್ನು ತಂಗಿಯ ಕೈಗಿಟ್ಟು, ಅವಳು ಬಾಯಿಗಿಡುವ ತನಕ ಕಾದಳು.