ತಡೀರಿ, ಅವರನ್ನೂ ಕರಿಯೂಣು

ಹಿಂದವಾಡಿಯ ಕರುಣಾಬಾಯಿ ಟೀಚರ ಮನೆಯಲ್ಲಿ ಕೂತು ಊರಿನ ಯಾರ ಬಗ್ಗೆ ಬೇಕಾದರೂ ಮಾತಾಡಬಹುದು. ಮಾತು ಯಾರ ಬಗ್ಗೆಯೋ ಅವರೂ ಕೇಳಿಸಿಕೊಳ್ಳುತ್ತಿರಬೇಕು, ಅಷ್ಟೇ. ನೀವು ಎದುರಿಗಿಲ್ಲದ ಒಬ್ಬರ ಹೆಸರೆತ್ತಿ, ದನಿ ತಗ್ಗಿಸಿ, ಕುರ್ಚಿಯನ್ನು ಒಂದು ಗೇಣು ಮುಂದಕ್ಕೆಳೆದುಕೊಂಡಿರೋ, ಟೀಚರು “ತಡೀರಿ, ಅವರನ್ನೂ ಕರಿಯೂಣು” ಎನ್ನುತ್ತ ಕೊರಳಲ್ಲಿ ತೂಗುವ ಮೊಬೈಲನ್ನು ಕೈಗೆತ್ತಿಕೊಂಡು, ಕನ್ನಡಕ ಹುಡುಕಿ, ಆಮೇಲೆ ನಂಬರು ಹುಡುಕಿ, ಸ್ಪೀಕರ್ ಹಚ್ಚಿ, ಚಹಾದ ಕಪ್ಪು-ಬಸಿಗಳ ನಡುವೆ ಇಟ್ಟುಬಿಡುತ್ತಾರೆ. ಮೂವತ್ತೊಂದು ವರ್ಷ ಶಾಲೆಯ ಸೀಟಿ ತೂಗಿದ ದಾರವೇ ಈಗ ಮೊಬೈಲಿಗೆ.

ರಮಜಾನ ಹಬ್ಬದ ಮರುದಿನ ಮೇಲಿನ ಮನೆಯ ಸಂಗವ್ವ ಬಂದು, ಕೆಳಗಿನ ಮನೆಯ ಸಿತಾರಾ ಗಚ್ಚಿಯ ಹಗ್ಗದ ತುಂಬ ತನ್ನ ಅರಿವೆಗಳನ್ನೇ ಒಣಹಾಕುತ್ತಾಳೆಂಬ ದೂರನ್ನು ಇನ್ನೂ ಅರ್ಧ ಬಿಚ್ಚಿರಲಿಲ್ಲ, ಟೀಚರು ಫೋನು ಹಚ್ಚಿಬಿಟ್ಟರು.

“ಸಿತಾರಾ, ಇಲ್ಲಿ ಸಂಗವ್ವ ಕುಂತಾರ. ನಿನ್ನ ಸುದ್ದಿ ಶುರು ಮಾಡ್ಯಾರ. ನೀ ಇಲ್ಲದ ಹೆಂಗ ಮುಗಸೂದು?”

ಸಂಗವ್ವ ಫೋನಿನತ್ತ ಬಾಗಿ, “ನಿನ್ನಿ ಸುರಕುಂಬಾ ಭಾಳ ಛೊಲೋ ಆಗಿತ್ತಂತ ಹೇಳಾಕತ್ತಿದ್ನಿ, ತಂಗಿ” ಎಂದಳು. ಹತ್ತು ನಿಮಿಷದಲ್ಲಿ ಡಬ್ಬಿ ತುಂಬ ಹಾಲು-ಶಾವಿಗೆಯ ಸುರಕುಂಬಾ ಬಂತು. ಹಿಂದಿನ ದಿನ ಅದನ್ನು ಮುಟ್ಟಿಯೂ ನೋಡಿರದ ಸಂಗವ್ವ ತಲೆ ಎತ್ತದೆ ಅಷ್ಟನ್ನೂ ತಿಂದಳು.

ನಾನೇನು ತಪ್ಪಿಸಿಕೊಂಡವನಲ್ಲ. ನಮ್ಮ ಚರ್ಚಿನ ಸಭೆಯ ಪಾಸ್ಟರರ ಭಾನುವಾರದ ಪ್ರಸಂಗ ಉದ್ದವಾಯಿತೆಂದು ಒಮ್ಮೆ ಗೊಣಗಿದ್ದಕ್ಕೆ ಅವರೇ ಲೈನಿಗೆ ಬಂದು, ಮುಂದಿನ ವಾರ ಐದು ನಿಮಿಷ ನೀವೇ ಮಾತಾಡಿ ಎಂದರು. ನಾನು ಇಪ್ಪತ್ತೈದು ನಿಮಿಷ ಮಾತಾಡಿದೆ. ಟೀಚರೇ ಕೈಗಡಿಯಾರ ತೋರಿಸಿ ಕೂರಿಸಿದರು.

ನಾಲಿಗೆಯನ್ನು ಕಾಯುವುದು ಕ್ರೈಸ್ತ ಜೀವನದ ಅರ್ಧ ಕೆಲಸವೆಂದು ಟೀಚರು ಭಾನುವಾರದ ಮಕ್ಕಳಿಗೆ ಕಲಿಸುತ್ತಾರೆ. ಉಳಿದ ಅರ್ಧ ಯಾವುದೆಂದು ಮಕ್ಕಳು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಕುತೂಹಲವೆಲ್ಲ ಅವರ ಮೊಣಕಾಲಿನ ಮೇಲಿತ್ತು. ಗಂಟೆ ಹೊಡೆಯುವ ಮೊದಲೇ ತರಗತಿ ಸೇರಬೇಕಾದವರ ಬಿರುನಡಿಗೆ ಅವರದು. ಸಭೆಗೆ ಬರುವ ದಾರಿಯಲ್ಲಿ ಒಮ್ಮೊಮ್ಮೆ ನನ್ನ ಸ್ಕೂಟರನ್ನೂ ಹಿಂದೆ ಹಾಕುತ್ತಾರೆ. ಆದರೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ ಎಲ್ಲರೂ ಎದ್ದು, ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವಾಗ ಟೀಚರು ಮಾತ್ರ ಬೆಂಚು ಬಿಡುತ್ತಿರಲಿಲ್ಲ. “ಮೊಣಕಾಲು ಹಿಡದಾವ್ರಿ” ಎನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂರುವ ನನ್ನಂಥವನ ಭಕ್ತಿಯ ಕಣ್ಣಿಗೆ ಇಂಥವೇ ಬೀಳುತ್ತವೆ.

ಒಂದು ಶನಿವಾರ ಮಧ್ಯಾಹ್ನ ತಡೆಯಲಾರದೆ ಕೇಳಿದೆ: “ಟೀಚರ, ವಾರವೆಲ್ಲಾ ಹಿಂದವಾಡಿ ಸುತ್ತೂ ಮೊಣಕಾಲು ಭೋಜನದ ದಿನಾನ ಯಾಕ ಹಿಡೀತಾವ್ರಿ?”

“ನೀವು ಸಭಾಕ್ಕ ಪ್ರಾರ್ಥನಾ ಮಾಡಾಕ ಬರತೀರೋ, ಹಾಜರಿ ಹಾಕಾಕ ಬರತೀರೋ?”

ಬೈಗುಳದೊಂದಿಗೆ ಮಾತು ಮುಗಿಯಿತೆಂದುಕೊಂಡೆ. ಆದರೆ ಅವರು ಖಾನಾಪುರದ ಅಕ್ಕ ಸಲೋಮಿಯ ಹೆಸರೆತ್ತಿದರು. ಅಂಥ ಅಕ್ಕ ಇದ್ದಾಳೆಂದು ಅಂದೇ ನನಗೆ ತಿಳಿದದ್ದು. ಒಂಬತ್ತು ವರ್ಷದ ಹಿಂದೆ ತಾಯಿ ಮೂರು ತಿಂಗಳು ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳಂತೆ. ಹತ್ತನೆಯ ತರಗತಿಯ ಪರೀಕ್ಷೆಯ ಕೆಲಸವೆಂದು ತಂಗಿ, ಅಂದರೆ ನಮ್ಮ ಟೀಚರು, ಬರಲಿಲ್ಲ; ಬಂದದ್ದು ಮಣ್ಣಿಗೆ. ಸಮಾಧಿಯ ಬಳಿ, ನೆರೆದ ಜನರೆದುರು ಅಕ್ಕ ಒಂದೇ ಮಾತು ಕೇಳಿದಳು: “ಪರೀಕ್ಷಾ ಮುಗದ್ವೇನು?”

ಟೀಚರು ತುಟಿ ಬಿಚ್ಚಲಿಲ್ಲ. ಆ ತಾಳ್ಮೆಯನ್ನು ಅಲ್ಲಿದ್ದವರೆಲ್ಲ ಕೊಂಡಾಡಿದರಂತೆ. ಅಕ್ಕತಂಗಿಯರ ಮಾತು ಅಲ್ಲಿಗೇ ನಿಂತಿತು.

“ಅವತ್ತು ಬಾಯಿ ಮುಚ್ಚಿದ್ನಿ ಖರೇ. ಒಳಗ ಮಾತ್ರ ಅಕಿಗೆ ದಿನಾ ಉತ್ತರ ಕೊಡತೀನ್ರಿ. ಭಾಂಡೆ ತಿಕ್ಕೂ ಮುಂದ ಕೊಡತೀನಿ, ಸಭಾದಾಗ ಹಾಡೂ ಮುಂದ ಕೊಡತೀನಿ. ಒಂಬತ್ತು ವರ್ಷ ತಿದ್ದಿ ತಿದ್ದಿ ಉತ್ತರ ಭಾಳ ಛೊಲೋ ಆಗೇತಿ. ಅದನ್ನ ಒಳಗ ಇಟಗೊಂಡು ಕರ್ತನ ಭೋಜನದ ಮೇಜಿನ ಮುಂದ ಹೆಂಗ ಮೊಣಕಾಲೂರಲಿ?”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಆ ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದೇ ಹೊರಬಂತು: “ತಡೀರಿ, ಅವರನ್ನೂ ಕರಿಯೂಣು.”

ಟೀಚರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವವರಂತೆ ನೋಡಿದರು. ಆಮೇಲೆ ಮೊಬೈಲು ಎತ್ತಿಕೊಂಡರು. ಕನ್ನಡಕ ಹುಡುಕಲಿಲ್ಲ. ಹತ್ತೂ ಅಂಕಿ ಬೆರಳಿಗೇ ಗೊತ್ತಿದ್ದವು.

ಸ್ಪೀಕರಿನಲ್ಲಿ ಅತ್ತಣ ಕುಕ್ಕರು ಸೀಟಿ ಹಾಕಿತು. ಆಮೇಲೆ ದನಿ: “ಯಾರ ಕುಂತಾರು ಬಾಜು? ಯಾರ ಹೇಳಾಕತ್ತಾರು ನನ್ನ ಸುದ್ದಿ?” ಟೀಚರ ಕೀರ್ತಿ ಖಾನಾಪುರಕ್ಕೂ ಮುಟ್ಟಿತ್ತು.

“ನಾನ” ಎಂದರು ಟೀಚರು.

“ಏನಂದಿ?”

ಒಂಬತ್ತು ವರ್ಷ ಮಸೆದ ಉತ್ತರ ಕೇಳಲೆಂದು, ನಾಚಿಕೆಯಿಲ್ಲದೆ, ನನ್ನ ಕುರ್ಚಿ ಒಂದು ಗೇಣು ಮುಂದೆ ಸರಿಯಿತು. ಟೀಚರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಪರೀಕ್ಷಾ ಮುಗದ್ವು, ಅಕ್ಕಾ.”

ಮತ್ತೊಂದು ಸೀಟಿ. “ಮುಗದ್ರ ಬಾ ಮತ್ತ. ಎಷ್ಟರ ಬಸ್ಸಿಗೆ ಬರತಿ?”

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಮರುದಿನ ಅವರ ಬೆಂಚು ಖಾಲಿ; ಟೀಚರು ಖಾನಾಪುರದ ಬಸ್ಸು ಹಿಡಿದಿದ್ದರು. ಮುಂದಿನ ತಿಂಗಳು ಮಾತ್ರ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಮೊಣಕಾಲೂರಿದರು. ಏಳುವಾಗ ಆದ ಕಟಕಟ ಸದ್ದು ಹಿಂದಿನ ಬೆಂಚಿಗೂ ಕೇಳಿತು. ಪಾಪ, ನೋವೂ ಸುಳ್ಳಾಗಿರಲಿಲ್ಲ.

ಸಿಟ್ಟು ನುಂಗಿದವರನ್ನು ನಾವು ಸಾಧುಗಳೆಂದು ಹೊಗಳಿ ನಮ್ಮ ದಾರಿ ಹಿಡಿಯುತ್ತೇವೆ; ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ನಂಬಿ ಸುಖವಾಗಿರುತ್ತಾರೆ. ಎಲ್ಲೋ ಕೆಲವರು ಮಾತ್ರ, ತುಟಿ ಮುಚ್ಚಿದ ಮೇಲೂ ಒಳಗೆ ಯಾರು ಮಾತಾಡುತ್ತಿದ್ದಾರೆಂದು ಕಿವಿಗೊಟ್ಟು ಕೂರುತ್ತಾರೆ, ಕೇಳಿದ್ದಕ್ಕೆ ನಾಚಿ ತಾವಾಗಿಯೇ ಬೆಂಚಿನಲ್ಲಿ ಉಳಿಯುತ್ತಾರೆ. ನಾನೂ ಒಂದು ದಿನ ಹಾಗೆ ಕಿವಿಗೊಟ್ಟು ನೋಡಿದೆ. ಫೋನು ಮಾಡಬೇಕಾದವರ ಹೆಸರು ನೆನೆಯುತ್ತ ಹೋದಂತೆ ಪಟ್ಟಿ ಬೆಳೆದು, ಮೊದಲು ಚಾರ್ಜರು ಎಲ್ಲಿದೆಯೆಂದು ಹುಡುಕಬೇಕಾಯಿತು.