ಎಂಟಡಿಗೆ ಎರಡಿಂಚು ಏರುವ ಘಾಟಿ

1

ರೈಲಿನ ಕತೆಯನ್ನು ಎಂಜಿನ್ನಿನಿಂದಲೇ ಶುರುಮಾಡಬೇಕು ಎಂದು ಯಾರು ಹೇಳಿದರು? ಯಾರೂ ಹೇಳಿಲ್ಲ. ಆದರೂ ಮೂರು ಸಲ ಹಾಗೇ ಶುರುಮಾಡಿ ಮೂರು ಸಲವೂ ಹೊಡೆದುಹಾಕಿದೆ. ಮೊದಲ ಕರಡಿನ ಮೊದಲ ವಾಕ್ಯ ಹೀಗಿತ್ತು: ‘ಹಾನುಬಾಳಿನ ಸ್ಟ್ಯಾನಿ ಹದಿನಾರು ವರ್ಷ ಬ್ಯಾಂಕರ್‌ನಲ್ಲಿದ್ದರು.’ ಓದಿದ ಗೆಳೆಯ ಯಾವ ಬ್ರಾಂಚು ಎಂದು ಕೇಳಿದ.

(ಬ್ಯಾಂಕರ್ ಅಂದರೆ ಘಾಟಿ ಹತ್ತುವ ರೈಲನ್ನು ಹಿಂದಿನಿಂದ ತಳ್ಳುವ ಎಂಜಿನ್. ಘಾಟಿಯ ಬುಡದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ರೈಲಿನ ಬಾಲಕ್ಕೆ ಅಂಟಿಕೊಂಡು ಸಕಲೇಶಪುರದ ತನಕ ತಳ್ಳುತ್ತದೆ. ಅಲ್ಲಿ ಕಳಚಿಕೊಂಡು ಒಂಟಿಯಾಗಿ ಕೆಳಗಿಳಿಯುತ್ತದೆ. ಸಕಲೇಶಪುರದವರು ಈ ಆವರಣವನ್ನು ಹಾರಿಸಬಹುದು. ಈಗಾಗಲೇ ಓದಿಬಿಟ್ಟಿದ್ದರೆ ಕ್ಷಮೆಯಿರಲಿ.)

2

ಲೋಕೋ ಪೈಲಟ್ ಆಗಿ ನಿವೃತ್ತರಾದ ಈ ಸ್ಟ್ಯಾನಿ, ಹೋದ ವರ್ಷ ತಮ್ಮ ಮನೆಯ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಘಾಟಿ ಕಟ್ಟಲು ಹೊರಟರು. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್, ಅದರ ಕೆಳಗೆ ನಾಲ್ಕು ಹಳೇ ಡ್ರಮ್ಮು. ಗುಡ್ಡಕ್ಕೆ ಕೋಳಿಗೂಡಿನ ಮೆಶ್, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಚೀಲ. ಸುರಂಗಕ್ಕೆ ಪಿವಿಸಿ ಪೈಪು. ಕಾಡಿಗೆ ಕಾಫಿ ಗಿಡದ ಬೊಡ್ಡೆಯಿಂದ ಕೆರೆದ ಪಾಚಿ. ಹಳಿಯೂ ರೈಲೂ ಆನ್‌ಲೈನಿನಲ್ಲಿ ಬಂದವು. ಹಳಿಯ ಕೆಳಗಿನ ಜಲ್ಲಿಗೆ ಎಂ-ಸ್ಯಾಂಡು, ಅದನ್ನು ಸೋಸಲು ಹೆಂಡತಿ ಜೆನೆವಿವ್ ಅವರ ರವೆ ಜರಡಿ.

ಜೆನೆವಿವ್ ಮಂಗಳೂರು ಕಡೆಯಿಂದ ಬಂದವರು. “ಜರಡಿ ಹೋದ್ರೆ ಹೋಗಲಿ,” ಎಂದು ನನ್ನ ಹತ್ತಿರ ದೂರು ಕೊಟ್ಟರು. “ಮೊನ್ನೆ ಉಪ್ಪಿಟ್ಟಿನಲ್ಲಿ ಹಲ್ಲಿಗೆ ರೈಲ್ವೆ ಸಿಕ್ಕಿತು ಮಾರಾಯ.”

ಏರು ಮಾತ್ರ ನನ್ನ ತಲೆನೋವು. ನಿಜವಾದ ಘಾಟಿಯಲ್ಲಿ ಹಳಿ ಐವತ್ತಡಿ ಹೋದರೆ ಒಂದಡಿ ಏರುತ್ತದೆ. ಸ್ಟ್ಯಾನಿ ಅದನ್ನೇ ಇಟ್ಟರು. ಎಂಟಡಿ ಹಲಗೆಗೆ ಅದು ಎರಡಿಂಚೂ ಪೂರ್ತಿ ಆಗುವುದಿಲ್ಲ. ಎರಡಿಂಚಿನ ಮೇಲೆ ಒಬ್ಬ ಮನುಷ್ಯನ ಕಷ್ಟವನ್ನು ಹೇಗೆ ಹತ್ತಿಸುವುದು? ಎರಡನೇ ಕರಡಿನಲ್ಲಿ ನಾನು ಹೇಳದೆ ಕೇಳದೆ ಅದನ್ನು ಐದಿಂಚು ಮಾಡಿದೆ. ರೈಲು ಅರ್ಧ ದಾರಿಯಲ್ಲಿ ನಿಂತು, ಚಕ್ರ ತಿರುಗಿಸಿ ತಿರುಗಿಸಿ ಹಿಂದಕ್ಕೆ ಜಾರಿತು. ಒಳ್ಳೆಯ ಪ್ಯಾರಾ ಬಂದಿತ್ತು.

ಸ್ಟ್ಯಾನಿ ಅದನ್ನು ಓದಿ ಕನ್ನಡಕ ತೆಗೆದರು.

“ಐವತ್ತಕ್ಕೆ ಒಂದು ಅಂದಿದ್ದೆ. ನೀನು ಕತೆಗೋಸ್ಕರ ಗುಡ್ಡ ಎಬ್ಬಿಸ್ಬುಟ್ಟಿದ್ದೀಯ. ಇಂಥ ಏರಿಗೆ ರೈಲೇ ಬುಡಲ್ಲ ಕಣೋ, ಬ್ಯಾಂಕರ್ ಎಲ್ಲಿಂದ ಬಂತು?”

ಗುಡ್ಡ ಇಳಿಸಿದೆ. ಪ್ಯಾರಾ ಹೋಯಿತು.

3

(ಈ ಭಾಗ ಈಗ ಇಲ್ಲ, ಹೊಡೆದುಹಾಕಿದೆ. ಅದರಲ್ಲಿ ಬರೀ ಮಳೆ ಇತ್ತು.)

4

ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬೇಕಿತ್ತು. ಕೇಳಿದಿರಿ ಎಂದುಕೊಳ್ಳುತ್ತೇನೆ. ಉತ್ತರ: ರಾಜಶೇಖರ್.

ಆಲೂರಿನ ರಾಜಶೇಖರ್ ಮುಂದಿನ ಎಂಜಿನ್ನಿನವರು. ಅವರು ಎಳೆಯುತ್ತಿದ್ದ ರೈಲುಗಳನ್ನೇ ಸ್ಟ್ಯಾನಿ ತಳ್ಳುತ್ತಿದ್ದರು. ನಡುವೆ ನಲವತ್ತು ಚಿಲ್ಲರೆ ವ್ಯಾಗನ್ನು. ಹೋದ ವರ್ಷ ರಾಜಶೇಖರ್ ಅವರ ಬೀಳ್ಕೊಡುಗೆ ನಡೆಯಿತು. ಮೈಕ್ ಹಿಡಿದು ಎಲ್ಲರನ್ನೂ ನೆನೆದರು. ಗಾರ್ಡುಗಳನ್ನು, ಹಳಿ ಕಾಯುವ ಕೀಮ್ಯಾನ್‌ಗಳನ್ನು, ಡ್ಯೂಟಿ ಮುಗಿಸಿ ಮಲಗುವ ರನ್ನಿಂಗ್ ರೂಮಿನ ಅಡುಗೆಯವನನ್ನು, ಒಬ್ಬೊಬ್ಬರನ್ನೂ ಹೆಸರು ಹಿಡಿದು. ಕೊನೆಗೆ, “ಆಮೇಲೆ ಹಿಂದೆ ಯಾರೋ ತಳ್ಳೋರು, ಅವ್ರಿಗೂ ಒಂದು ನಮಸ್ಕಾರ” ಎಂದರು. ಸ್ಟ್ಯಾನಿ ಎರಡನೇ ಸಾಲಿನಲ್ಲಿ ಕುಳಿತಿದ್ದರು. ಕೈಯಲ್ಲಿ ಮೈಸೂರುಪಾಕಿನ ತುಂಡು ಇತ್ತು. ಜೆನೆವಿವ್ ಹೇಳುವಂತೆ, ಅದನ್ನು ಹಾನುಬಾಳಿನ ತನಕ ಹಿಡಿದುಕೊಂಡೇ ಬಂದರು.

ಮಾರನೆಯ ದಿನ ಪ್ಲೈವುಡ್ ಬಂತು.

ಸ್ಟ್ಯಾನಿಗೆ ಬೇಕಾದದ್ದು ಇಷ್ಟು: ರಾಜಶೇಖರ್ ಬರಬೇಕು, ಘಾಟಿ ನೋಡಬೇಕು, ಹೌದು ಇದೇ ಅನ್ನಬೇಕು, ಹಿಂದೆ ಇದ್ದದ್ದು ಸ್ಟ್ಯಾನಿ ಎಂದು ಒಂದು ಸಲ ಬಾಯಿಬಿಟ್ಟು ಹೇಳಬೇಕು. ಇದನ್ನು ಅವರು ನನಗೆ ಹೇಳಿಲ್ಲ. ಹನ್ನೊಂದು ತಿಂಗಳು ಜರಡಿ ಹಿಡಿದ ಮನುಷ್ಯನಿಂದ ನಾನೇ ತಿಳಿದುಕೊಂಡೆ.

5

ಭಾನುವಾರ, ಚರ್ಚು ಮುಗಿದ ಮೇಲೆ, ರಾಜಶೇಖರ್ ಬಂದರು. ಒಳಗೆ ಕಡುಬು ಬೇಯುತ್ತಿತ್ತು. ಹಲಗೆಯ ಮೇಲೆ ಇನ್ನೂ ರೈಲು ಇಟ್ಟಿರಲಿಲ್ಲ. ರಾಜಶೇಖರ್ ಸುಬ್ರಹ್ಮಣ್ಯ ರೋಡಿನ ತುದಿಗೆ ಹೋಗಿ, ಸೊಂಟ ಬಗ್ಗಿಸಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು, ಡ್ರೈವರ್ ನೋಡುವ ಹಾಗೆ ಮೇಲಕ್ಕೆ ನೋಡಿದರು. ಬಹಳ ಹೊತ್ತು ನೋಡಿದರು.

“ಇದ್ಯಾವ ಲೈನು ಸ್ಟ್ಯಾನಿ?”

ತಮಾಷೆಯಲ್ಲ. ನಾನೂ ಬಗ್ಗಿದೆ. ಸಿಗ್ನಲ್ಲುಗಳು ನಮಗೆ ಬೆನ್ನು ಹಾಕಿದ್ದವು. ಎಡಕುಮೇರಿ, ದೋಣಿಗಾಲ್ ಸ್ಟೇಷನ್ ಬೋರ್ಡುಗಳ ಅಕ್ಷರಗಳು ಆಚೆ ಮುಖಕ್ಕಿದ್ದವು. ಎಲ್ಲವೂ ಇಳಿಯುವವನ ಕಡೆ ತಿರುಗಿದ್ದವು.

(ಹತ್ತುವಾಗ ಸ್ಟ್ಯಾನಿಯ ಕಣ್ಣಮುಂದೆ ಇದ್ದದ್ದು ರೈಲಿನ ಕೊನೆಯ ಗಾರ್ಡ್ ಡಬ್ಬಿಯ ಬೆನ್ನು. ಘಾಟಿ ಅವರಿಗೆ ಕಂಡದ್ದು ಒಂಟಿ ಎಂಜಿನ್ನಿನಲ್ಲಿ ಇಳಿಯುವಾಗ ಮಾತ್ರ. ಕಂಡದ್ದನ್ನು ಕಂಡ ಹಾಗೆ ಕಟ್ಟಿದ್ದರು. ಹನ್ನೊಂದು ತಿಂಗಳು ಇದು ಅವರಿಗೆ ಹೊಳೆಯಲಿಲ್ಲ. ಮೂರು ಕರಡು ಹೊಡೆದುಹಾಕಿದ ನನಗೂ ಹೊಳೆಯಲಿಲ್ಲ. ಆದರೆ ನಾನು ಹದಿನಾರು ವರ್ಷ ಏನನ್ನೂ ತಳ್ಳಿಲ್ಲ.)

“ಸಿಗ್ನಲ್ ಎಲ್ಲಾ ಬೆನ್ನು ತೋರ್ಸ್ಕಂಡು ನಿಂತವೆ,” ಎಂದರು ರಾಜಶೇಖರ್. “ಒಂದೂ ಕಾಣ್ದೆ ನಾನು ಹೆಂಗಪ್ಪ ಹತ್ಲಿ?”

5 (ಇನ್ನೊಂದು)

ಈ ಜಾಗದಲ್ಲಿ ಎರಡು ಮುಕ್ತಾಯ ಬರೆದಿಟ್ಟಿದ್ದೆ.

ಅ. ಸ್ಟ್ಯಾನಿ ಸಿಗ್ನಲ್ಲುಗಳನ್ನು ಕಿತ್ತು ತಿರುಗಿಸಿ ನೆಡುತ್ತಾರೆ. ಎಲ್ಲರೂ ಕಡುಬು ತಿನ್ನುತ್ತಾರೆ. ಸ್ಟ್ಯಾನಿ ಒಪ್ಪಲಿಲ್ಲ. ಫೆವಿಕಾಲ್ ಒಣಗಿದೆಯಂತೆ.

ಆ. ರಾಜಶೇಖರ್ ಸಕಲೇಶಪುರದ ತುದಿಗೆ ಹೋಗಿ ನೋಡುತ್ತಾರೆ, ಗುರುತು ಹತ್ತುತ್ತದೆ, ಕಣ್ಣು ತುಂಬುತ್ತದೆ. ರಾಜಶೇಖರ್ ಇದನ್ನು ಓದಿ ಹಾಳೆ ವಾಪಸ್ ಕೊಟ್ಟರು. “ಅಳಾದು ಗಿಳಾದು ನನ್ ಕೈಲಿ ಆಗಲ್ಲ. ಬೇರೆ ಯಾರನ್ನಾರ ನೋಡ್ಕೋ.”

6

ಆದದ್ದು ಇದು. ಸ್ಟ್ಯಾನಿ ಹಳಿಯ ಮೇಲೆ ಗೂಡ್ಸ್ ಜೋಡಿಸಿದರು. ಮುಂದೆ ಒಂದು ಎಂಜಿನ್, ಏಳು ವ್ಯಾಗನ್, ಗಾರ್ಡ್ ಡಬ್ಬಿ, ಅದರ ಹಿಂದೆ ಬ್ಯಾಂಕರ್. ರಾಜಶೇಖರ್ ಅವರ ಮೊಣಕೈ ಹಿಡಿದು ಬ್ಯಾಂಕರಿನ ಹಿಂದಕ್ಕೆ ಕರೆತಂದು, ಗಲ್ಲವನ್ನು ಪ್ಲೈವುಡ್ಡಿನ ಮೇಲಿಡಿಸಿದರು.

“ಏನ್ ಕಾಣ್ತೈತೆ?”

“ಗಾರ್ಡ್ ಡಬ್ಬಿ.”

ಆ ಡಬ್ಬಿಗೆ ಸ್ಟ್ಯಾನಿ ಮೂರು ವಾರ ಕೊಟ್ಟಿದ್ದರು. ಕೊಂಡದ್ದೇ ಆದರೂ ಅದರ ಹಿಂಬದಿಯನ್ನು ಹೊಸದಾಗಿ ಮಾಡಿದ್ದರು. ಬಾಗಿದ ಕಂಬಿ, ಕೆಂಪು ದೀಪ, ಬಣ್ಣ ಎದ್ದು ತುಕ್ಕು ಕಂಡ ಜಾಗ, ಗಾರ್ಡ್ ಒಣಹಾಕಿದ ಟವೆಲ್ಲು. ಇಡೀ ಘಾಟಿಯಲ್ಲಿ ಅಷ್ಟು ಚೆನ್ನಾಗಿ ಆದದ್ದು ಬೇರೊಂದಿಲ್ಲ.

“ಇನ್ನೇನ್ ಕಾಣ್ತೈತೆ?”

ರಾಜಶೇಖರ್ ಕತ್ತು ಆಚೀಚೆ ಹೊರಳಿಸಿದರು. “ಇನ್ನೇನೂ ಇಲ್ಲ.”

“ಹದಿನಾರು ವರ್ಷ,” ಎಂದರು ಸ್ಟ್ಯಾನಿ.

7

ರಾಜಶೇಖರ್ ಸೊಂಟ ತಿಕ್ಕಿಕೊಳ್ಳುತ್ತ ಎದ್ದರು. ಮುಂದಿನ ಎಂಜಿನ್ನಿನ ಪಕ್ಕಕ್ಕೆ ಹೋಗಿ, ರೈಲು ಓಡಿಸುವ ಗುಂಡಿಯ ಮೇಲೆ ಕೈಯಿಟ್ಟರು.

(ಒಂದು ನಿಯಮವಿದೆ. ಹೊರಡುವ ಮುಂಚೆ ಮುಂದಿನ ಎಂಜಿನ್ ಕೂಗುತ್ತದೆ. ಹಿಂದಿನದು ಅದೇ ಕೂಗನ್ನು ತಿರುಗಿ ಕೂಗಬೇಕು. ಅಲ್ಲಿಯತನಕ ಮುಂದಿನದು ಕದಲುವಂತಿಲ್ಲ.)

ರಾಜಶೇಖರ್, ಅರವತ್ತು ದಾಟಿದ ಗಂಡಸು, ತುಟಿ ಮುಂದೆ ಮಾಡಿ ಕೂಗಿದರು. ಒಂದು ಗಿಡ್ಡ, ಒಂದು ಉದ್ದ.

ಸ್ಟ್ಯಾನಿ ಕೈಕಟ್ಟಿ ನಿಂತಿದ್ದರು.

ರಾಜಶೇಖರ್ ಮತ್ತೆ ಕೂಗಿದರು. ಸ್ಟ್ಯಾನಿಯ ಬಾಯಿ ಮುಚ್ಚಿಯೇ ಇತ್ತು.

ಜೆನೆವಿವ್ ಬಾಗಿಲಿಗೆ ಬಂದರು. ಕಡುಬು, ಹಂದಿ ಸಾರು ಎರಡೂ ಆರುತ್ತಿವೆಯಂತೆ. ಇಬ್ಬರನ್ನೂ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. “ನೀನು ಬರೆಯುವವ ಅಲ್ವಾ? ಒಂದು ‘ಕೂ’ ಬರೆದ್ರೆ ಆಯ್ತಲ್ಲ, ಎಂತ ಕಷ್ಟ ಉಂಟು?”

ಬರೆದೆ. ಸ್ಟ್ಯಾನಿ ನನ್ನನ್ನು ನೋಡಿದರು. ಹೊಡೆದುಹಾಕಿದೆ.

ರಾಜಶೇಖರ್ ಹಿಂದಕ್ಕೆ ತಿರುಗಲಿಲ್ಲ. ಡ್ಯೂಟಿಯಲ್ಲಿರುವವರ ಹಾಗೆ ಹಳಿಯನ್ನೇ ನೋಡುತ್ತ, ವಾಕಿಟಾಕಿಯಲ್ಲಿ ಕೇಳುವ ಧ್ವನಿಯಲ್ಲಿ ಕೇಳಿದರು.

“ಬ್ಯಾಂಕರಲ್ಲಿ ಯಾರು?”

ಇದು ತಮಾಷೆಯೋ, ತಪ್ಪೊಪ್ಪಿಗೆಯೋ, ಬರೀ ವಿಚಾರಣೆಯೋ, ನನ್ನನ್ನು ಕೇಳಬೇಡಿ. ನಾನು ನಿಂತಿರುವ ಕಡೆಯಿಂದ ಅವರ ಬೆನ್ನು ಮಾತ್ರ ಕಾಣುತ್ತಿದೆ. ಸ್ಟ್ಯಾನಿ ಕಟ್ಟಿದ್ದ ಕೈ ಬಿಚ್ಚಿದ್ದಾರೆ. ಗಾರ್ಡ್ ಡಬ್ಬಿಯ ಟವೆಲ್ಲನ್ನು ಒಂದು ಬೆರಳಲ್ಲಿ ಸರಿಮಾಡಿದ್ದಾರೆ. ಅದು ಮೊದಲೇ ಸರಿಯಾಗಿತ್ತು.

ರಾಜಶೇಖರ್ ಮೂರನೇ ಸಲ ಕೂಗಲು ಉಸಿರು ಎಳೆದುಕೊಂಡಿದ್ದಾರೆ.